ಅಂಜಿಕೆಗೆ ಮಾಯೆಯ ಮದ್ದು

2010ನೆಯ ಇಸವಿ ಫೆಬ್ರವರಿ 13ರ ಸಂಜೆ ನಮ್ಮ ಪುಣೆಯ ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಬಾಂಬು ಸಿಡಿದು 17 ಮಂದಿ ಅಸುನೀಗಿದರು. ಗಲ್ಲಾಪೆಟ್ಟಿಗೆಯ ಮುಂದೆ ವರ್ಷಗಟ್ಟಲೆ ಕುಳಿತಿದ್ದ ನಮಗೆ ಆ ಸುದ್ದಿ ಅನ್ಯರ ಮನೆಯ ಸುದ್ದಿಯಾಗಿ ತೋರಲಿಲ್ಲ. ಇಂತಹ ದುರಂತಗಳಲ್ಲಿ ಸತ್ತವರ ಲೆಕ್ಕವನ್ನು ಸರಕಾರವು ಬರೆದಿಡುತ್ತದೆ. ಬದುಕುಳಿದೂ ಒಂದು ತಟ್ಟೆ ಬಿದ್ದ ಸದ್ದಿಗೆ ಬೆಚ್ಚಿಬೀಳುವವರ, ನಿದ್ರೆಗೆಟ್ಟವರ ಲೆಕ್ಕವನ್ನಿಡುವವರು ಯಾರು? 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ನಗರಕ್ಕೆ ನೀರು ನುಗ್ಗಿದಾಗಲೂ ಇದೇ ಪ್ರಶ್ನೆಯಿದ್ದಿತು.

ಭಯವು ಬಲಿಯುವುದು ಅದರಿಂದ ತಪ್ಪಿಸಿಕೊಂಡು ಓಡುವುದರಿಂದ ಎಂದು ಮನೋವೈದ್ಯರು ಹೇಳುತ್ತಾರೆ. ಲಿಫ್ಟಿಗೆ ಅಂಜಿದವನು ನಿತ್ಯವೂ ಮೆಟ್ಟಿಲನ್ನೇ ಹತ್ತುವನು; ಲಿಫ್ಟು ತನ್ನನ್ನೇನೂ ಮಾಡದೆಂಬುದನ್ನು ಅರಿಯುವ ಸಂದರ್ಭವೇ ಅವನಿಗೊದಗದು. ಅಂಜಿಕೆಯ ವಸ್ತುವನ್ನು ಮೆಲ್ಲಮೆಲ್ಲನೆ ಎದುರಿಸಗೊಡುವುದೇ ಇದಕ್ಕೆ ಚಿಕಿತ್ಸೆ. ಆದರೆ ಒಡೆದ ಅಣೆಕಟ್ಟನ್ನಾಗಲಿ, ಸಿಡಿದ ಬಾಂಬನ್ನಾಗಲಿ ಮತ್ತೆ ತರುವುದೆಂತು? ಇಲ್ಲಿಯೇ ‘ವರ್ಚುವಲ್ ರಿಯಾಲಿಟಿ’ ಎಂಬ ಯಂತ್ರಮಾಯೆಯು ನೆರವಾಗುವುದು. ಕಣ್ಣಿಗೆ ಕಟ್ಟಿದ ಕನ್ನಡಕದೊಳಗೆ ಕಂಪ್ಯೂಟರು ದೃಶ್ಯವನ್ನು ಮೂಡಿಸುತ್ತದೆ. ತಲೆ ತಿರುಗಿಸಿದತ್ತ ನೋಟವೂ ತಿರುಗುತ್ತದೆ.

ಅಮೆರಿಕದ ಬಾರ್ಬರಾ ರಾಥ್‌ಬಾಮ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎತ್ತರಕ್ಕೆ ಅಂಜುವ ವಿದ್ಯಾರ್ಥಿಗಳನ್ನು ಮಾಯೆಯ ಸೇತುವೆ, ಗಾಜಿನ ಲಿಫ್ಟುಗಳಲ್ಲಿ ನಿಲ್ಲಿಸಿದರು. ಚಿಕಿತ್ಸೆ ಪೂರೈಸಿದ 10 ಮಂದಿಯಲ್ಲಿ 7 ಮಂದಿ, ಯಾರೂ ಹೇಳದಿದ್ದರೂ, ನಿಜವಾದ ಎತ್ತರಗಳನ್ನು ತಾವಾಗಿಯೇ ಎದುರಿಸಿದರು. 2001ರ ನ್ಯೂಯಾರ್ಕ್ ದುರಂತದಿಂದ ನೊಂದ ಓರ್ವ ಮಹಿಳೆಗೆ ಜೋಆನ್ ಡಿಫೇಡ್ ಮತ್ತು ಹಂಟರ್ ಹಾಫ್‌ಮನ್ ಇದೇ ಮದ್ದನ್ನಿತ್ತರು. ಮೊದಲು ವಿಮಾನವು ಗೋಪುರದ ಬಳಿ ಸುಮ್ಮನೆ ಹಾದುಹೋಗುವುದು; ಅನಂತರ ಅಪ್ಪಳಿಸುವುದು, ಆದರೆ ಸದ್ದಿಲ್ಲ; ಆ ಮೇಲೆ ಸದ್ದು. ಒಂದೊಂದು ಗಂಟೆಯ 6 ಭೇಟಿಗಳಲ್ಲಿ ಆಕೆಯ ಯಾತನೆ ಬಹುವಾಗಿ ತಗ್ಗಿತು.

ಆದರೆ ಕನ್ನಡಕವೇ ವೈದ್ಯನಲ್ಲ. ಅಂಗಡಿಯಲ್ಲಿ ಆಟಕ್ಕೆಂದು ಮಾರುವ ಯಂತ್ರವನ್ನು ತಂದು ಸ್ವಯಂಚಿಕಿತ್ಸೆಗೆ ತೊಡಗಿದರೆ ಹಳೆಯ ಗಾಯವನ್ನು ಕೆದಕಿದಂತಾದೀತು. “ಈಗ ಹೆದರಿಕೆ ಎಷ್ಟಿದೆ?” ಎಂದು ವೈದ್ಯರು ಹೆಜ್ಜೆಹೆಜ್ಜೆಗೂ ಕೇಳುತ್ತಾರೆ, ರೋಗಿಯು ಉತ್ತರಿಸಬೇಕು. ತರಕಾರಿ ಕೊಳ್ಳುವಷ್ಟು ಮರಾಠಿ ಬಲ್ಲ ನಮ್ಮ ಅಡುಗೆಯವನು ತನ್ನ ಎದೆಯ ನಡುಕವನ್ನು ಯಾವ ಮಾತಿನಲ್ಲಿ ಹೇಳಿಯಾನು? ಹೊಟ್ಟೆಪಾಡಿಗೆ ಪರಭಾಷೆ ಸಾಕು. ಅಳುವುದಕ್ಕೆ ತಾಯ್ನುಡಿಯೇ ಬೇಕು.

ಅಂತಹವರಿಗೆ ಒಂದು ದಾರಿಯುಂಟು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿಯೂ ಖರ್ಚಿಲ್ಲದೆ ಸಲಹೆ ದೊರೆಯುವುದು. ಹುಚ್ಚನೆಂದಾರೆಂಬ ಲಜ್ಜೆಯಿಂದ ಯಾರೂ ಕೊರಗದಿರಲಿ. ಕೆಲಸಗಾರರನ್ನಿಟ್ಟುಕೊಂಡ ಹೊಟೆಲ್ ಬಂಧುಗಳು ಈ ಸಂಖ್ಯೆಯನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆಯಿಸಬೇಕೆಂದು ನಮ್ಮ ವಿನಂತಿ.