ಕರೆ ಮುಟ್ಟಿದರೆ ಸಾಲದು

ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ಗ್ರ್ಯಾಂಡ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನಕ್ಕೆ ಹೋದವರಲ್ಲಿ ಹೆಚ್ಚಿನವರು ಅಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಇಳಿಯುವವರ ಪಾಡು ಬೇರೆ. ಬೆಟ್ಟದಲ್ಲಾದರೆ ಸುಸ್ತಾದ ಮೇಲೆ ಇಳಿಯುವ ಕೆಲಸ, ಈ ಕಣಿವೆಯಲ್ಲಿ ಸುಸ್ತಾದ ಮೇಲೆಯೇ ಹತ್ತುವ ಕೆಲಸ. ಆಳ ಸುಮಾರು 1.6 ಕಿಲೊಮೀಟರ್. ಬೇಸಿಗೆಯಲ್ಲಿ ತಳದ ಬಿಸಿಲು 40 ಡಿಗ್ರಿ ದಾಟುತ್ತದೆ. ಮೊಬೈಲ್ ಸಿಗ್ನಲ್ ಅಂಚಿನಿಂದ ಸ್ವಲ್ಪ ಇಳಿಯುತ್ತಲೇ ಕೈಕೊಡುತ್ತದೆ.

ಇಲ್ಲಿ ಫೋನಿನ ಕಥೆ ಹಳೆಯದು. 1930ರ ದಶಕದಲ್ಲೇ ಸರ್ಕಾರಿ ಕಾಮಗಾರಿ ಪಡೆಯ ಹುಡುಗರು ಕಣಿವೆಗಡ್ಡಲಾಗಿ ದೂರವಾಣಿ ತಂತಿ ಎಳೆದಿದ್ದರು. ಇಂದಿಗೂ ಬ್ರೈಟ್ ಏಂಜೆಲ್ ಜಾಡಿನಲ್ಲಿ ಒಂದೂವರೆ ಮೈಲಿಗೊಂದು, ಮೂರು ಮೈಲಿಗೊಂದು ತಂಗುಮನೆ ಇದ್ದು, ಎರಡರಲ್ಲೂ ತುರ್ತು ಫೋನ್ ಇದೆ. ಇಂಥ ಫೋನಿನ ದೊಡ್ಡ ಗುಣವೆಂದರೆ ಅದು ಜಾಗ ಬಿಟ್ಟು ಕದಲುವುದಿಲ್ಲ. ಮಾತನಾಡುವವನಿಗೆ ತಾನೆಲ್ಲಿದ್ದೇನೆಂದು ಗೊತ್ತಿಲ್ಲದಿದ್ದರೂ ರೇಂಜರ್‌ಗಳಿಗೆ ಗೊತ್ತಿರುತ್ತದೆ. ಆದರೆ ಜನ ಓಡಾಡದ ಜಾಡುಗಳಲ್ಲಿ ಫೋನೂ ಇಲ್ಲ, ಟವರೂ ಇಲ್ಲ. 1964ರ ವೈಲ್ಡರ್‌ನೆಸ್ ಕಾನೂನು ನಿರ್ಜನ ಪ್ರದೇಶವೆಂದು ಗುರುತಿಸಿದ ಕಡೆ ಕಾಯಂ ಕಟ್ಟಡ, ರಸ್ತೆಗಳಿಗೆ ಅಡ್ಡಿಮಾಡುತ್ತದೆ. ಅಡ್ಡಿ ಸರಿಯಾದದ್ದೇ. ಎಲ್ಲ ತುದಿಯಲ್ಲೂ ಟವರ್ ನೆಟ್ಟಮೇಲೆ ಅದನ್ನು ಕಾಡೆನ್ನುವುದು ಹೇಗೆ?

ಹೀಗಾಗಿ ಉಪಗ್ರಹದ ಮೊರೆ ಹೋಗಬೇಕಾಯಿತು. 2009ರ ಸೆಪ್ಟೆಂಬರಿನಲ್ಲಿ ಇದೇ ಕಣಿವೆಯ ರಾಯಲ್ ಆರ್ಚ್ ಸುತ್ತುಹಾದಿಯಲ್ಲಿ ಇಬ್ಬರು ಗಂಡಸರು ತಮ್ಮ ಹದಿಹರೆಯದ ಮಕ್ಕಳೊಂದಿಗೆ ಹೊರಟಿದ್ದರು. ಕೈಯಲ್ಲಿ ಬಾಡಿಗೆಗೆ ತಂದ ಉಪಗ್ರಹ ಬೀಕನ್, ಅಂದರೆ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ನೆರವು ಕೇಳುವ ಸಾಧನ. ನೀರು ಮುಗಿಯಿತೆಂದು ಗುಂಡಿ ಒತ್ತಿದರು. ಹೆಲಿಕಾಪ್ಟರ್ ಬರುವಷ್ಟರಲ್ಲಿ ನೀರು ಸಿಕ್ಕಿತ್ತು, ಬರುವುದಿಲ್ಲ ಎಂದರು. ಮತ್ತೆ ಒತ್ತಿದರು. ಈ ಬಾರಿ ಕಾರಣ, ಸಿಕ್ಕ ನೀರು ಉಪ್ಪುಪ್ಪಾಗಿತ್ತು! ರಾತ್ರಿಯಲ್ಲಿ ಜೀವ ಪಣಕ್ಕಿಟ್ಟು ಹಾರಿ ಬಂದವರಿಗೆ ಈ ಉತ್ತರ. ಮೂರನೆಯ ಬಾರಿ ರೇಂಜರ್‌ಗಳು ಅವರನ್ನು ಬಿಡದೆ ಕರೆದೊಯ್ದು, ಮುಂದಾಳಿನ ಮೇಲೆ ಪ್ರಕರಣ ಹಾಕಿದರು.

ನಗುವುದಿದ್ದರೆ ನಗಬಹುದು. ಆದರೆ ಆ ಸಾಧನ ಒಂದೇ ಕಡೆಗೆ ಕೆಲಸ ಮಾಡುವಂಥದ್ದು. ‘ಕಾಪಾಡಿ’ ಎಂದು ಕೂಗಬಲ್ಲದು, ‘ಏನಾಗಿದೆ?’ ಎಂಬ ಪ್ರಶ್ನೆ ಅದಕ್ಕೆ ಮುಟ್ಟದು. ಉಪ್ಪುನೀರಿಗೂ ಮುರಿದ ತೊಡೆಗೂ ಅದರ ಕೂಗು ಒಂದೇ. ಈಗಿನ ಹಲವು ಸಾಧನಗಳು ಎರಡೂ ಕಡೆ ಸಂದೇಶ ಸಾಗಿಸುತ್ತವೆ. 2022ರ ನವೆಂಬರಿನಲ್ಲಿ ಐಫೋನ್ 14ಕ್ಕೆ ಬಂದ ಉಪಗ್ರಹ ಸೌಲಭ್ಯ, ಗಾಯವೋ, ದಾರಿ ತಪ್ಪಿದ್ದೋ ಎಂದು ಮೊದಲು ಕೇಳುತ್ತದೆ. ಉತ್ತರದ ಜೊತೆಗೆ ನೀವಿರುವ ಜಾಗ, ಬ್ಯಾಟರಿ ಎಷ್ಟು ಉಳಿದಿದೆ ಎಂಬುದನ್ನೂ ಕಳುಹಿಸುತ್ತದೆ. ಫೋನನ್ನು ಯಾವ ದಿಕ್ಕಿಗೆ ಹಿಡಿಯಬೇಕೆಂದು ಪರದೆಯೇ ತೋರಿಸುತ್ತದೆ. ಬಯಲಿನಲ್ಲಿ ಸುಲಭ. ಕಡಿದಾದ ಗೋಡೆಗಳ ನಡುವೆ ಆಕಾಶ ಕಿರಿದಾದಷ್ಟೂ ಕಾಯಬೇಕು.

ಹೊರಟ ಕರೆ ಎಲ್ಲಿಗೆ ಮುಟ್ಟುತ್ತದೆ? ಯೆಲ್ಲೊಸ್ಟೋನ್ ಉದ್ಯಾನ ವಯೋಮಿಂಗ್, ಮೊಂಟಾನಾ, ಐಡಾಹೊ ಹೀಗೆ 3 ರಾಜ್ಯಗಳಲ್ಲಿ ಚಾಚಿದೆ. ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಮಾಡಿದ ಕರೆ ಯಾವ ಟವರ್‌ಗೆ ಸಿಕ್ಕಿತೋ ಅದಕ್ಕೆ ಗೊತ್ತುಮಾಡಿದ ಕೇಂದ್ರಕ್ಕೆ ಹೋಗುವುದು ಹಳೆಯ ಪದ್ಧತಿ. ಗಾಯಾಳು ಒಂದು ಕಡೆ, ಫೋನ್ ಎತ್ತಿದವರು ಪಕ್ಕದ ಜಿಲ್ಲೆಯಲ್ಲಿ! ಟವರಿನ ಬದಲು ಫೋನಿರುವ ಜಾಗವನ್ನೇ ನೋಡಿ ಕರೆ ಕಳುಹಿಸಬೇಕೆಂದು ಅಲ್ಲಿನ ದೂರಸಂಪರ್ಕ ಆಯೋಗ 2024ರಲ್ಲಿ ನಿಯಮ ಮಾಡಿದೆ. ಉದ್ಯಾನಗಳ ತುರ್ತು ಕೇಂದ್ರಗಳು ಸಂದೇಶ, ಫೋಟೊ, ವಿಡಿಯೊಗಳನ್ನೂ ಪಡೆಯುವಂತಾಗಬೇಕೆಂದು ವಯೋಮಿಂಗ್ ಮತ್ತು ಕೊಲರಾಡೊದ ಸೆನೆಟರ್‌ಗಳು ಪಕ್ಷಭೇದವಿಲ್ಲದೆ ಮಸೂದೆ ತಂದಿದ್ದಾರೆ. ಉಪಗ್ರಹ ಹಾರಿಸಿದರೆ ಸುದ್ದಿ, ಕಂಟ್ರೋಲ್ ರೂಮಿನ ಹಳೆಯ ಯಂತ್ರ ಬದಲಿಸಿದರೆ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ದುಡ್ಡು ಮೊದಲು ಹೋಗಬೇಕಾದ್ದು ಅಲ್ಲಿಗೇ.

ಬೀಕನ್‌ಗಳ ಇನ್ನೊಂದು ಜಾತಿಯಿದೆ. 406 ಮೆಗಾಹರ್ಟ್ಸ್‌ನಲ್ಲಿ ಕೂಗುವ ಇವನ್ನು ಕಾಸ್ಪಾಸ್-ಸಾರ್ಸ್ಯಾಟ್ ಎಂಬ ಅಂತರರಾಷ್ಟ್ರೀಯ ಜಾಲ ಆಲಿಸುತ್ತದೆ. ಅದರ ಭಾರತದ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಇಸ್ರೋ ಅಂಗಸಂಸ್ಥೆ ಇಸ್ಟ್ರ್ಯಾಕ್‌ನಲ್ಲಿ. ಇವುಗಳನ್ನು ಕೊಂಡೊಡನೆ ಹೆಸರು, ಮನೆಯ ಫೋನ್ ನಂಬರ್ ಕೊಟ್ಟು ನೋಂದಾಯಿಸಬೇಕು. ಕೂಗು ಕೇಳಿಸಿದಾಗ ಮನೆಗೆ ಫೋನ್ ಮಾಡಿ ನಿಜವೇ ಎಂದು ವಿಚಾರಿಸಲು ಅದೇ ಆಧಾರ.

ಅಮೆರಿಕದಿಂದ ಬರುವವರಿಗೊಂದು ಮಾತು. ಕುಮಾರ ಪರ್ವತಕ್ಕೆ ಒಯ್ಯೋಣವೆಂದು ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಾಧನವನ್ನು ಬ್ಯಾಗಿಗೆ ತುಂಬಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ತರುವುದು ನಮ್ಮಲ್ಲಿ ಅಪರಾಧ, ವಿಮಾನ ನಿಲ್ದಾಣಗಳಲ್ಲಿ ವಿದೇಶಿ ಪ್ರವಾಸಿಗರು ಸಿಕ್ಕಿಬಿದ್ದಿದ್ದಾರೆ. ಇಲ್ಲಿ ಚಾರಣಕ್ಕೆ ಹೊರಡುವ ಮುನ್ನ ತುರ್ತು ಸೇವೆಯ 112 ಮತ್ತು ಕರ್ನಾಟಕ ಅರಣ್ಯ ಇಲಾಖೆಯ 1926, ಈ ಎರಡು ನಂಬರ್ ಬರೆದಿಟ್ಟುಕೊಳ್ಳಿ. ಯಾವ ಜಾಡಿನಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿ ಹೋಗಿ.