ಕಡಲ ತಳದ ಇಳಿಜಾರು ಮತ್ತು ಹಡಗುಗಳ ದಾರಿ: ಅಗುಲ್ಹಾಸ್ ಪ್ರವಾಹದ ಪಾಠ

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ವಾಣಿಜ್ಯ ಹಡಗುಗಳ ಮೇಲೆ ದಾಳಿಗಳು ಆರಂಭವಾದಾಗ, ಯೂರೋಪಿಗೆ ಹೋಗುವ ಅನೇಕ ಹಡಗುಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಸಾಗಿದವು. ಇದರಿಂದ ಪ್ರಯಾಣದ ಅವಧಿ ಹತ್ತರಿಂದ ಹದಿನಾಲ್ಕು ದಿನಗಳಷ್ಟು ಹೆಚ್ಚಿತು. ಇಟಲಿ, ಜರ್ಮನಿಗಳಿಗೆ ಕಾಫಿ ಕಳುಹಿಸುವ ನಮ್ಮ ರಾಜ್ಯದ ರಫ್ತುದಾರರು ಸಾಗಣೆ ದರದ ಏರಿಕೆಯಲ್ಲಿ ಅದರ ಬಿಸಿಯನ್ನು ಅನುಭವಿಸಿದರು. ಆದರೆ ಆ ಬಳಸುದಾರಿಯಲ್ಲಿ ಹಡಗು ಎದುರಿಸುವ ನೀರಿನ ಸ್ವಭಾವದ ಬಗ್ಗೆ ನಮ್ಮಲ್ಲಿ ಚರ್ಚೆ ನಡೆದಿರುವುದು ಕಡಿಮೆ. ಸರಕಿನ ವಿಮೆಯ ಆಯ್ಕೆಗೂ ಅದಕ್ಕೂ ನೇರ ಸಂಬಂಧವಿರುವುದರಿಂದ ಈ ವಿಷಯ ತಿಳಿದಿರುವುದು ಒಳಿತು.

ಕಡಲೊಳಗಿನ ಹೊಳೆ

ಆಫ್ರಿಕಾದ ಆಗ್ನೇಯ ಕರಾವಳಿಯುದ್ದಕ್ಕೂ ನೈಋತ್ಯ ದಿಕ್ಕಿಗೆ ಹರಿಯುವ ಬೆಚ್ಚನೆಯ ನೀರಿನ ಹೊಳೆಯೇ ಅಗುಲ್ಹಾಸ್ ಪ್ರವಾಹ. ಇದರ ಅಗಲ ಸುಮಾರು ನೂರು ಕಿಲೋಮೀಟರ್. ಪ್ರತಿ ಸೆಕೆಂಡಿಗೆ ಇದು ಸಾಗಿಸುವ ನೀರು ಏಳು ಕೋಟಿ ಘನ ಮೀಟರ್‌ಗಳಿಗೂ ಹೆಚ್ಚು. ಮೇಲ್ಮೈಯಲ್ಲಿ ಇದರ ವೇಗ ಕೆಲವೆಡೆ ನಾಲ್ಕು ನಾಟ್ ತಲಪುತ್ತದೆ.

ಇದರ ವಾಣಿಜ್ಯ ಮಹತ್ವವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಡರ್ಬನ್‌ನಿಂದ ಪೋರ್ಟ್ ಎಲಿಜಬೆತ್‌ಗೆ (2021ರಿಂದ ಗೆಬೆರ್ಹಾ) ಸುಮಾರು 380 ನಾಟಿಕಲ್ ಮೈಲಿ. 14 ನಾಟ್ ವೇಗದ ಹಡಗಿಗೆ ನಿಂತ ನೀರಿನಲ್ಲಿ ಇದು 27 ಗಂಟೆಗಳ ದಾರಿ. ಮೂರು ನಾಟ್ ವೇಗದ ಪ್ರವಾಹ ಜೊತೆಗಿದ್ದರೆ 22 ಗಂಟೆ ಸಾಕು. ಅದೇ ಪ್ರವಾಹ ಎದುರಾದರೆ 34 ಗಂಟೆಗಳಿಗೂ ಹೆಚ್ಚು ಬೇಕು. ಆದ್ದರಿಂದಲೇ ನೈಋತ್ಯಕ್ಕೆ ಸಾಗುವ ಹಡಗುಗಳು ಈ ಹೊಳೆಯ ನಡುವನ್ನು ಅರಸುತ್ತವೆ, ಎದುರು ದಿಕ್ಕಿನವು ಅದನ್ನು ತಪ್ಪಿಸಿ ನಡೆಯುತ್ತವೆ.

ತಳವೇ ಕಟ್ಟಿದ ದಂಡೆ

ಈ ಪ್ರವಾಹದ ವೈಶಿಷ್ಟ್ಯವೆಂದರೆ ಅದರ ಸ್ಥಿರತೆ. ಡರ್ಬನ್ ಸುತ್ತಲಿನ ತೀರದಲ್ಲಿ ಅದರ ನಡುರೇಖೆ ಸಾಮಾನ್ಯವಾಗಿ ಅತ್ತಿತ್ತ ಸರಿಯುವುದು 15 ಕಿಲೋಮೀಟರ್‌ಗಳಿಗಿಂತ ಕಡಿಮೆ. ಹೊಳೆಗೆ ದಂಡೆಯಿರುತ್ತದೆ, ಕಡಲ ಪ್ರವಾಹವನ್ನು ಹಿಡಿದಿಡುವುದು ಯಾವುದು? ಕಡಲ ತಳದ ಕಡಿದಾದ ಇಳಿಜಾರು.

ಮೇಲ್ಮೈಯಿಂದ ತಳದವರೆಗೆ ನಿಂತ ನೀರಿನ ಕಂಬವೊಂದನ್ನು ಕಲ್ಪಿಸಿಕೊಳ್ಳೋಣ. ಭೂಮಿಯೊಡನೆ ಅದೂ ತಿರುಗುತ್ತಿರುತ್ತದೆ. ಕಂಬವು ಆಳದ ಕಡೆಗೆ ಜಾರಿದರೆ ಅದು ಎಳೆದಂತಾಗಿ ನೀಳವೂ ಸಪೂರವೂ ಆಗುತ್ತದೆ, ತಿರುಗುವಿಕೆ ಚುರುಕಾಗುತ್ತದೆ. ತಿರುಗುವ ಕುರ್ಚಿಯಲ್ಲಿ ಕುಳಿತವರು ಚಾಚಿದ ಕೈಗಳನ್ನು ಒಳಗೆಳೆದುಕೊಂಡಾಗ ಆಗುವುದೂ ಇದೇ. ಆಳವಿಲ್ಲದ ಕಡೆಗೆ ಸರಿದರೆ ಕಂಬ ಗಿಡ್ಡವಾಗಿ, ಅಗಲವಾಗಿ, ತಿರುಗುವಿಕೆ ನಿಧಾನಿಸುತ್ತದೆ. ಹೀಗೆ ಹುಟ್ಟುವ ತಿರುಗಾಟದ ವ್ಯತ್ಯಾಸವು ದಾರಿತಪ್ಪಿದ ನೀರನ್ನು ಅದರ ಮೂಲ ಆಳದತ್ತ ಹಿಂದಕ್ಕೆ ತಳ್ಳುತ್ತದೆ. ಇಳಿಜಾರು ಕಡಿದಾದಷ್ಟೂ ಈ ತಡೆ ಬಲವಾಗಿರುತ್ತದೆ.

ಆದರೆ ಇಳಿಜಾರು ಇದ್ದ ಮಾತ್ರಕ್ಕೆ ಪ್ರವಾಹ ಸ್ಥಿರವಾಗಿರುತ್ತದೆಂದು ತಿಳಿಯಬಾರದು. ಬೆಚ್ಚನೆಯ ಹಗುರ ನೀರು ಮತ್ತು ತಣ್ಣನೆಯ ಭಾರದ ನೀರಿನ ಪದರಗಳೂ ಕಡಲೊಳಗೆ ಓರೆಯಾಗಿರುತ್ತವೆ. ತಳವೂ ಅದೇ ಕಡೆಗೆ ಓರೆಯಾಗಿದ್ದು, ಪದರಗಳಿಗಿಂತ ಕಡಿದಾಗಿದ್ದಾಗ ತಡೆ ಪರಿಣಾಮಕಾರಿ; ತಳವು ಪದರಗಳಿಗಿಂತ ಸಮತಟ್ಟಾಗಿದ್ದಲ್ಲಿ ಸಣ್ಣ ಬಾಗು ದೊಡ್ಡದಾಗಲು ಅವಕಾಶವಿರುತ್ತದೆ.

ದಂಡೆ ಸಡಿಲವಾಗುವ ಜಾಗ

ಅಂಥ ಸಡಿಲ ಜಾಗವೊಂದು ರಿಚರ್ಡ್ಸ್ ಬೇ ಮತ್ತು ಡರ್ಬನ್ ಬಂದರುಗಳ ನಡುವೆ ಇದೆ. ಅದರ ಹೆಸರು ನಟಾಲ್ ಬೈಟ್. ಆ ತೀರದ ಉಳಿದೆಡೆ ಕಿರಿದಾಗಿರುವ ಖಂಡಾವರಣ ಪ್ರದೇಶವು ಇಲ್ಲಿ ಸುಮಾರು 45 ಕಿಲೋಮೀಟರ್ ಅಗಲವಾಗುತ್ತದೆ, ಅದರಾಚೆಯ ಇಳಿಜಾರು ಮೃದುವಾಗುತ್ತದೆ. ಉತ್ತರದಿಂದ ಬಂದ ದೊಡ್ಡ ಸುಳಿಯೊಂದು ಇಲ್ಲಿ ಪ್ರವಾಹಕ್ಕೆ ತಾಗಿದರೆ ಬಾಗು ಮೂಡಿ, ಪ್ರವಾಹದ್ದೇ ಶಕ್ತಿಯನ್ನು ಹೀರಿ ಬೆಳೆಯುತ್ತದೆ. ಇದನ್ನು ‘ನಟಾಲ್ ಪಲ್ಸ್’ ಎಂದು ಕರೆಯುತ್ತಾರೆ. ಡಿ ರೌಟರ್, ಲುಟ್‌ಯಾರ್ಮ್ಸ್ ಮೊದಲಾದ ವಿಜ್ಞಾನಿಗಳು 1999ರಲ್ಲಿ ಇದರ ಹುಟ್ಟನ್ನು ಈ ಇಳಿಜಾರಿನ ವ್ಯತ್ಯಾಸದಿಂದ ವಿವರಿಸಿದರು.

ವರ್ಷದಲ್ಲಿ ಕೆಲವೇ ಬಾರಿ ಕಾಣಿಸಿಕೊಳ್ಳುವ ಈ ಬಾಗು, ಪ್ರವಾಹದ ನಡುರೇಖೆಯನ್ನು ತೀರದಿಂದ ನೂರು ಕಿಲೋಮೀಟರ್‌ಗೂ ಆಚೆ ತಳ್ಳಬಲ್ಲದು. ಆಗ ತೀರದ ಬದಿಯಲ್ಲಿ ನೀರು ತಿರುಗಿ ಈಶಾನ್ಯಕ್ಕೆ ಹರಿಯುತ್ತದೆ; ಅನುಕೂಲವೆಂದು ನಂಬಿ ಬಂದ ಹಡಗಿಗೆ ಎದುರು ನೀರು ಸಿಗುತ್ತದೆ. ಸಮಾಧಾನದ ಸಂಗತಿಯೆಂದರೆ, ಬಾಗು ದಿನಕ್ಕೆ ಹತ್ತರಿಂದ ಇಪ್ಪತ್ತು ಕಿಲೋಮೀಟರ್ ಮಾತ್ರ ಸಾಗುತ್ತದೆ. ಉಪಗ್ರಹಗಳು ಅಳೆಯುವ ಕಡಲಮಟ್ಟ ಮತ್ತು ನೀರಿನ ತಾಪಮಾನಗಳಿಂದ ಅದನ್ನು ಗುರುತಿಸಿ ಹಡಗಿನ ದಾರಿಯನ್ನು ಬದಲಿಸಲು ಸಾಧ್ಯವಿದೆ.

ಅಲೆ ಮತ್ತು ವಿಮೆ

ಪ್ರವಾಹ ಎಲ್ಲಿದೆಯೆಂಬ ಅರಿವು ಸುರಕ್ಷತೆಗೂ ಅಗತ್ಯ. ದಕ್ಷಿಣ ಮಹಾಸಾಗರದ ಬಿರುಗಾಳಿಗಳಿಂದ ಬರುವ ನೈಋತ್ಯದ ಅಲೆಗಳು ಈ ಪ್ರವಾಹಕ್ಕೆ ಎದುರಾದಾಗ ಒತ್ತಾಗಿ, ಎತ್ತರವಾಗಿ, ಗೋಡೆಯಂತೆ ಕಡಿದಾಗುತ್ತವೆ. ಅಂಥ ಹವೆಯಲ್ಲಿ 200 ಮೀಟರ್ ಆಳದ ರೇಖೆಯಿಂದ ತೀರದ ಕಡೆಗೆ ಸರಿಯುವಂತೆ ನಾವಿಕರಿಗೆ ಸಲಹೆಯಿದೆ. ಪ್ರವಾಹವು ಇಳಿಜಾರಿಗೆ ಅಂಟಿಕೊಂಡು ಹರಿಯುವುದೇ ಈ ಸಲಹೆಯ ಆಧಾರ.

ವರ್ಲ್ಡ್ ಶಿಪ್ಪಿಂಗ್ ಕೌನ್ಸಿಲ್ ವರದಿಯಂತೆ 2024ರಲ್ಲಿ ಜಗತ್ತಿನಾದ್ಯಂತ 576 ಕಂಟೇನರ್‌ಗಳು ಕಡಲುಪಾಲಾದವು; ಅವುಗಳಲ್ಲಿ ಸುಮಾರು 200 ಈ ದಕ್ಷಿಣ ಆಫ್ರಿಕಾ ವಲಯದಲ್ಲಿ. ಸಾಗಿದ ಒಟ್ಟು ಕಂಟೇನರ್‌ಗಳಿಗೆ ಹೋಲಿಸಿದರೆ ಇದು ಅತ್ಯಲ್ಪ. ಆದರೆ ತಿಂಗಳಿಗೊಂದೆರಡು ಕಂಟೇನರ್ ಕಳುಹಿಸುವ ಸಣ್ಣ ಉದ್ದಿಮೆದಾರನಿಗೆ ಒಂದು ಕಂಟೇನರ್ ನಷ್ಟವೂ ದೊಡ್ಡದೇ.

ಇನ್‌ಕೋಟರ್ಮ್ಸ್ 2020ರ ಪ್ರಕಾರ ಸಿಐಎಫ್ ವ್ಯವಹಾರದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾರಾಟಗಾರನು ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್ ‘ಸಿ’ ಮಟ್ಟದ ಕನಿಷ್ಠ ವಿಮೆ ಮಾಡಿಸಿದರೆ ಸಾಕು. ಅಲೆಯ ಹೊಡೆತಕ್ಕೆ ಸರಕು ಹಡಗಿನಿಂದ ಕೊಚ್ಚಿಹೋದರೆ ‘ಸಿ’ಯಲ್ಲಿ ಪರಿಹಾರವಿಲ್ಲ; ‘ಬಿ’ ಮತ್ತು ‘ಎ’ಗಳಲ್ಲಿ ಇದೆ. ವಿಳಂಬದಿಂದಾದ ನಷ್ಟವನ್ನು ಮೂರೂ ಹೊರಗಿಡುತ್ತವೆ. ಆದ್ದರಿಂದ ಸರಕು ಕೇಪ್ ದಾರಿಯಲ್ಲಿ ಹೋಗುವ ಸಂಭವವಿದ್ದಾಗ ಯಾವ ಮಟ್ಟದ ವಿಮೆ ಎಂಬುದನ್ನು ಖರೀದಿದಾರರೊಡನೆ ಮೊದಲೇ ಲಿಖಿತವಾಗಿ ನಿಶ್ಚಯಿಸಿಕೊಳ್ಳುವುದು ಮತ್ತು ಸರಕು ತಲಪುವ ದಿನಾಂಕಕ್ಕೆ ಒಪ್ಪಂದದಲ್ಲಿ ಸಾಕಷ್ಟು ಅವಕಾಶ ಇಟ್ಟುಕೊಳ್ಳುವುದು ವಿವೇಕದ ಕ್ರಮ.