ಯೆಹೂದಿ ವಲಸೆ ಮತ್ತು ಮೈಸೂರು ಸಂಸ್ಥಾನ

ಆಧುನಿಕ ಯೆಹೂದಿ ರಾಜಕೀಯ ಇತಿಹಾಸದಲ್ಲಿ 1933ರ ಏಪ್ರಿಲ್ 7 ಒಂದು ನಿರ್ಣಾಯಕ ದಿನ. ಅಂದು ಹೊರಬಂದ ನಾತ್ಸಿ ಕಾನೂನು ಜರ್ಮನಿಯ ಬಹುಪಾಲು ಯೆಹೂದಿ ನೌಕರರನ್ನು ಸರ್ಕಾರಿ ಸೇವೆಯಿಂದ ಹೊರಹಾಕಿತು, ಹುಟ್ಟೇ ಅನರ್ಹತೆಯೆನಿಸಿತು. ಹೀಗೆ ಹುದ್ದೆ ಕಳೆದುಕೊಂಡವರಲ್ಲಿ ಬರ್ಲಿನ್ನಿನ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ (1908–1999) ಒಬ್ಬರು. ಈಜಿಪ್ಟಿನಲ್ಲಿ ಕೆಲಕಾಲ ಆಶ್ರಯ ಪಡೆದಿದ್ದ ಅವರು 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರ ವಿನ್ಯಾಸದವು. ಒಂದು ಸರ್ಕಾರ ಹುಟ್ಟಿನ ಕಾರಣಕ್ಕೆ ನಿರಾಕರಿಸಿದ ವಿದ್ಯೆಯನ್ನು ಇನ್ನೊಂದು ಸರ್ಕಾರ ಅಗತ್ಯವನ್ನರಿತು ಬಳಸಿಕೊಂಡಿತು. 1948ರಲ್ಲಿ ಅವರು ಭಾರತ ಸರ್ಕಾರದ ವಸತಿ ನಿರ್ದೇಶಕರಾದಾಗ, ದೇಶವಿಭಜನೆಯಿಂದ ನೆಲೆತಪ್ಪಿದವರಿಗೆ ವಸತಿ ಕಲ್ಪಿಸುವುದು ರಾಷ್ಟ್ರದ ತುರ್ತಾಗಿತ್ತು. ಸ್ವತಃ ನೆಲೆ ಕಳೆದುಕೊಂಡಿದ್ದವರೊಬ್ಬರು ಆ ಹೊಣೆ ಹೊತ್ತರೆಂಬುದು ಈ ವಲಸೆಯ ಇತಿಹಾಸದಲ್ಲಿ ಗಮನಾರ್ಹ.